ಮುಟ್ಟದ ಕೈ

ಇನ್ನೂರು ಅಡಿ ಓಡುವುದು ಬಾಕಿ ಇದ್ದಾಗ ಚಿಹಾರುವಿನ ಕಾಲಿನ ಮೂಳೆ ಮುರಿಯಿತು. ಜಪಾನಿನ ಆ ರಸ್ತೆ ರಿಲೇಯಲ್ಲಿ ಹೆಗಲಿನ ಬಟ್ಟೆಪಟ್ಟಿಯನ್ನು ಮುಂದಿನವಳಿಗೆ ದಾಟಿಸುವ ತನಕ ಯಾರೂ ನಿಲ್ಲುವಂತಿಲ್ಲ. ಅವಳು ಮಂಡಿಯೂರಿ ತೆವಳತೊಡಗಿದಳು. ಜನ ಕಣ್ಣೊರೆಸಿಕೊಳ್ಳುತ್ತ ಚಪ್ಪಾಳೆ ತಟ್ಟಿದರು.

ಕೋಚ್ ಪಕ್ಕದಲ್ಲೇ ಬಗ್ಗಿ ನಡೆಯುತ್ತಿದ್ದರು. ಅವರ ಬಾಯಿಂದ ಕರಿದ ಮೀನಿನ ವಾಸನೆ ಬರುತ್ತಿತ್ತು. ಬೆಳಿಗ್ಗೆ ಅವಳಿಗೆ ಕೊಟ್ಟಿದ್ದು ಅರ್ಧ ಬಾಳೆಹಣ್ಣು.

"ಕಾಲು ನೋಯ್ತಿದೆ ಅಂತ ನಿನ್ನೆನೇ ಹೇಳಿದ್ದೆ, ಸರ್."

"ನೋವು ಅನ್ನೋದು ದಪ್ಪಗಿರೋರ ನೆಪ. ತೆವಳು."

"ಆಗ್ತಿಲ್ಲ. ಎತ್ಕೊಳ್ಳಿ ಸರ್."

"ನನ್ನ ಮೈ ನಿಂಗೆ ತಗುಲಿದ್ರೆ ತಂಡಾನೇ ಹೊರಗೆ ಹಾಕ್ತಾರೆ, ಗೊತ್ತಿಲ್ವಾ? ಟೀವಿಯವರು ತೆಗೀತಿದಾರೆ. ಇನ್ನೊಂಚೂರು ಅಳು, ಚೆನ್ನಾಗಿ ಬರುತ್ತೆ."

ಹತ್ತು ವರ್ಷ ದಿನಾ ಬೆಳಿಗ್ಗೆ ತೂಕ ನೋಡುವ ನೆಪದಲ್ಲಿ ಅವಳ ಸೊಂಟ ಚಿವುಟುತ್ತಿದ್ದ ಬೆರಳುಗಳು ಈಗ ಅವರ ಬೆನ್ನ ಹಿಂದೆ ಭದ್ರವಾಗಿ ಹೆಣೆದುಕೊಂಡಿದ್ದವು.

ನಾಲ್ಕು ಮಾರು ದೂರದಲ್ಲಿ ಮುಂದಿನ ಹುಡುಗಿ ಕೈ ಚಾಚಿ ನಿಂತಿದ್ದಳು. ಅವಳ ಮೊಣಕಾಲಿಗೂ ಬ್ಯಾಂಡೇಜು ಸುತ್ತಿತ್ತು.

"ಶಭಾಷ್, ಇನ್ನು ನಾಲ್ಕೇ ಮಾರು," ಎಂದರು ಕೋಚ್.

ಚಿಹಾರು ಹೆಗಲಿನ ಪಟ್ಟಿಯನ್ನು ಕಳಚಿ ಕೆಳಗಿಟ್ಟು, ಎರಡೂ ಕೈಯಿಂದ ಅವರ ಕಾಲನ್ನು ಬಿಗಿಯಾಗಿ ಹಿಡಿದುಕೊಂಡಳು.