ಮುಚ್ಚಿದ ಡಬ್ಬಿಯ ದೀಪ

ರೆಂತಿನಿ ಕೀಲಿ ತಿರುಗಿಸಿದಳು. ಬಾನೆಟ್ಟಿನೊಳಗೆ ಟಕ್ ಎಂದಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದಾಗ ಆ ಟಕ್ ಕೂಡ ಬರಲಿಲ್ಲ.

ಅಂಗಳದ ಬಾಗಿಲಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದ ದರ್ಸನ ನಕ್ಕ. ಊರಿನ ಬಾಡಿಗೆ ಕಾರುಗಳ ಸರದಿ ಬರೆಯುವವನು ಅವನೇ. “ಗಾಡಿಗೂ ಗೊತ್ತಾಗಿದೆ ನೋಡು, ಹೆಂಗಸಿನ ಕೈ ಅಂತ. ಆರಾಮಾಗಿ ಮಲಗಿಬಿಡ್ತದೆ. ಹೋಟೆಲ್ ಮುಂದೆ ಗಿರಾಕಿ ಪೆಟ್ಟಿಗೆ ಹಿಡ್ಕೊಂಡು ನಿಂತಿದ್ದಾರೆ, ರೆಂತಿನಿ.”

“ಬೇರೆಯವರನ್ನ ಕಳಿಸಿ, ಬ್ಲಿ.”

“ಕಳಿಸ್ತೀನಿ. ಇದು ಮೂರನೇ ಸಲ. ಬ್ಲಿ ಅಂತ ಕರೀತೀಯ, ಅಣ್ಣನ ಸ್ಥಾನದಲ್ಲಿದ್ದು ಹೇಳ್ತಿದೀನಿ, ಇನ್ನೊಂದ್ ಸಲ ಹೀಗಾದ್ರೆ ಹಲಗೆ ಮೇಲಿಂದ ನಿನ್ನ ಹೆಸರು ಅಳಿಸ್ಬೇಕಾಗ್ತದೆ. ಗಂಡಸರಿಗೂ ಅದೇ ಕಾನೂನು.” ಹಲಗೆಯ ಮೇಲೆ ಮೂವತ್ತೊಂದು ಹೆಸರುಗಳಿದ್ದವು. ಹೆಂಗಸಿನದು ಒಂದೇ.

ಜಗುಲಿಯಲ್ಲಿ ಕೂತು ಎಳೆ ತೆಂಗಿನಗರಿಯನ್ನು ದೇವರ ನೈವೇದ್ಯದ ಪುಟ್ಟ ತಟ್ಟೆಗಳಾಗಿ ಹೆಣೆಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. “ಓಡಿಸೋಕೆ ಬಂದ್ರೆ ಸಾಲದು. ಹೊರಡಿಸೋಕೂ ಬರ್ಬೇಕು,” ಎಂದಳು. ಒಂಬತ್ತು ವರ್ಷಗಳಲ್ಲಿ ಸೊಸೆಯ ಬಗ್ಗೆ ಒಂದು ಒಳ್ಳೆಯ ಮಾತು ಆ ಬಾಯಿಂದ ಬಿದ್ದದ್ದಿಲ್ಲ.

ಬ್ಯಾಟರಿ ಹೊಸದು. ರಿಪೇರಿ ಅಂಗಡಿಯ ಮುದುಕ ಅದಕ್ಕೆ ಒಂದಿಷ್ಟು ಚಾರ್ಜು ಕೊಟ್ಟು, ಮೀಟರ್ ಹಿಡಿದು ಗಾಡಿಯ ತಂತಿಗಳನ್ನೆಲ್ಲ ಹಗಲಿಡೀ ತಡಕಿ ನೋಡಿದ್ದ. “ಓಡೋವಾಗ ಏನೂ ತೊಂದರೆ ಇಲ್ಲ ಕಣಮ್ಮ. ನಾಲ್ಕೈದು ದಿನ ನಿಂತ್ರೆ ಸಾಯ್ತದೆ. ನಿಂತಲ್ಲೇ ಏನೋ ಒಂದು ಕರೆಂಟು ಹೀರ್ತಾ ಇದೆ. ಒಳಗಿನ ಯಾವುದಾದ್ರೂ ದೀಪ ಆರದೇ ಉಳೀತದೋ ಏನೋ. ಮುಚ್ಚಿದ ಮೇಲೆ ಕಣ್ಣಿಗೆ ಕಾಣಲ್ವಲ್ಲ. ವಿಡಿಯೊ ಹಾಕಿ ಫೋನನ್ನೇ ಒಳಗಿಟ್ಟು ಮುಚ್ಚಿ ನೋಡು.”

ಮೊದಲ ಸಂಜೆ ಹಿಂದಿನ ಡಿಕ್ಕಿಯಲ್ಲಿಟ್ಟಳು. ಬರೀ ಕತ್ತಲೆ. ಎರಡನೆಯ ಸಂಜೆ ಸ್ನಾನಕ್ಕೆ ಹೋಗುವ ಮೊದಲು ಮುಂದಿನ ಸೀಟಿನೆದುರಿನ ಡಬ್ಬಿಯಲ್ಲಿ ಫೋನನ್ನು ಕ್ಯಾಮೆರಾ ಮೇಲೆ ಬರುವಂತೆ ಮಲಗಿಸಿ, ಮುಚ್ಚಳ ಹಾಕಿದಳು. ಅರ್ಧ ಗಂಟೆ ಬಿಟ್ಟು ತೆಗೆದುಕೊಂಡು ಬಂದು, ಅಡುಗೆಮನೆಯ ಮೂಲೆಯಲ್ಲಿ ನಿಂತು ನೋಡಿದಳು.

ಏಳು ನಿಮಿಷ ಕತ್ತಲೆ. ಆಮೇಲೆ ಕಾರಿನ ಬಾಗಿಲ ಸದ್ದು. ಮುಚ್ಚಳ ತೆರೆಯಿತು, ಡಬ್ಬಿಯ ದೀಪ ಹೊತ್ತಿತು. ಬಳೆಯಿಲ್ಲದ, ಸುಕ್ಕುಗಟ್ಟಿದ ಕೈಯೊಂದು ಒಳಗೆ ಬಂತು.

“ಫೋನೂ ಇಲ್ಲೇ ಬಿಟ್ಟಿದ್ದಾಳೆ, ಮರೆಗುಳಿ,” ಎಂದಿತು ಅತ್ತೆಯ ದನಿ. ಗರಿಯ ತಟ್ಟೆಯೊಂದು ಪಕ್ಕಕ್ಕೆ ಬಂದು ಕೂತಿತು: ಹೂವು, ನಾಲ್ಕು ಕಾಳು ಅಕ್ಕಿ, ಒಂದು ಪೆಪ್ಪರಮೆಂಟು. “ಗಾಜಿನ ಮುಂದಿಟ್ರೆ ಹೂವಿನ ನೆರಳು ಬಿದ್ದು ಅವಳಿಗೆ ದಾರಿ ಕಾಣಲ್ವಂತೆ. ಅದಕ್ಕೇ ಇಲ್ಲಿ. ಬೆಳಿಗ್ಗೆ ಅವಳು ಏಳೋ ಮುಂಚೆ ತೆಗೀತೀನಿ. ನೋಡು ದೇವರೇ, ನಿನಗೆ ದಿನಾ ಹೇಳೋದೇ. ಆ ಹಲಗೇಲಿ ಮೂವತ್ತು ಜನ ಗಂಡಸರಿದ್ದಾರೆ. ಅವರ ನಡುವೆ ನನ್ನ ಸೊಸೆ ಒಬ್ಬಳು. ನನ್ನ ಮಗನೂ ಓಡಿಸ್ದ, ಆದ್ರೆ ಆ ಬೆಟ್ಟದ ತಿರುವಲ್ಲಿ ಇವಳ ಹಾಗೆ ಇಳಿಸೋರು ಯಾರೂ ಇಲ್ಲ. ನಾನು ಹಿಂದೆ ಕೂತು ನೋಡಿದೀನಿ. ಅವರ ಮುಂದೆ ಅವಳ ತಲೆ ತಗ್ಗಿಸ್ಬೇಡ.”

ಮುಚ್ಚಳ ಮುಚ್ಚಿತು. ಪೂರ್ತಿ ಮುಚ್ಚಲಿಲ್ಲ. ತಟ್ಟೆಯ ಅಂಚು ಅಡ್ಡ ಬಂದು ಕೂದಲೆಳೆಯಷ್ಟು ಸಂದು ಉಳಿಯಿತು. ದೀಪ ಆರಲಿಲ್ಲ. ವಿಡಿಯೊ ಮುಗಿಯುವವರೆಗೂ ಆರಲಿಲ್ಲ.

ರೆಂತಿನಿ ಅದನ್ನು ಮೂರು ಸಲ ನೋಡಿದಳು. ಮೂರನೆಯ ಸಲ ದೀಪದ ಕಡೆ ಗಮನ ಇರಲಿಲ್ಲ. ಹೋಗಿ ಹೇಳಿಬಿಡಬಹುದಿತ್ತು. ಹೇಳಿದರೆ, ಮೂರು ಸಲವೂ ಗಾಡಿಯನ್ನು ಮಲಗಿಸಿದ್ದು ತನ್ನ ಕೈಯೇ ಎಂದು ಅತ್ತೆಗೆ ತಿಳಿಯುತ್ತಿತ್ತು. ನಾಳೆಯಿಂದ ಆ ಮಾತುಗಳೂ ನಿಲ್ಲುತ್ತಿದ್ದವು. ಅವಳು ಹೊರಗೆ ಹೋಗಿ ಡಬ್ಬಿ ತೆರೆದಳು. ತಟ್ಟೆಯನ್ನು ಮುಟ್ಟಲಿಲ್ಲ. ಬಿಸಿಯಾಗಿದ್ದ ಪುಟ್ಟ ಬಲ್ಬನ್ನು ಅಂಗಿಯ ಅಂಚಿನಲ್ಲಿ ಹಿಡಿದು ತಿರುಚಿ ಕಿತ್ತುಕೊಂಡು, ಮುಚ್ಚಳವನ್ನು ಮೊದಲಿದ್ದಷ್ಟೇ ಮುಚ್ಚಿದಳು.

ಮಾರನೆಯ ದಿನ ಬ್ಯಾಟರಿಗೆ ಪೂರ್ತಿ ಚಾರ್ಜು ತುಂಬಿಸಿಕೊಂಡು ಬಂದಳು. ಪ್ರವಾಸಿಗರಿಲ್ಲದ ಮಳೆಯ ತಿಂಗಳು. ಆರು ದಿನ ಗಾಡಿ ಅಂಗಳದಲ್ಲಿ ನಿಂತೇ ಇತ್ತು. ಏಳನೆಯ ಬೆಳಿಗ್ಗೆ ಅವಳ ಸರದಿ ಬಂತು. ದರ್ಸನ ಖುದ್ದಾಗಿ ಬಂದ, ತಳ್ಳಲು ಇಬ್ಬರನ್ನು ಜೊತೆಗೇ ಕರೆದುಕೊಂಡು.

ಕೀಲಿ ಅರ್ಧ ತಿರುಗುವಷ್ಟರಲ್ಲಿ ಗಾಡಿ ಗುರ್ರೆಂದಿತು. ತಳ್ಳಲು ಬಂದವರು ಕೈ ಒರೆಸಿಕೊಂಡರು.

“ಏನ್ ಮಾಡಿಸ್ದೆ?” ಎಂದ ದರ್ಸನ.

“ಮನೇಲೇ ಸರಿಹೋಯ್ತು, ಬ್ಲಿ.”

ಅತ್ತೆ ಜಗುಲಿಯಿಳಿದು ಕಿಟಕಿಯ ಹತ್ತಿರ ಬಂದಳು. “ಅಷ್ಟೊಂದು ಬೀಗಬೇಡ. ಆ ಡಬ್ಬಿಯೊಳಗಿನ ದೀಪ ಕೆಟ್ಟು ವಾರ ಆಯ್ತು. ಒಂದು ಬಲ್ಬು ಹಾಕಿಸೋಕೂ ಪುರುಸೊತ್ತಿಲ್ವಾ ನಿನಗೆ?” ಎಂದವಳು, ತಾನು ಆಡಿದ್ದೇನೆಂದು ಹೊಳೆದು ತುಟಿ ಬಿಗಿದಳು.

“ಹಾಕಿಸ್ತೀನಿ, ಮೇಮೆ,” ಎಂದಳು ರೆಂತಿನಿ, ಎಂದಿನಂತೆ ಅಮ್ಮನೆಂದೇ ಕರೆದು. ಬಲ್ಬು ಅವಳ ಅಂಗಿಯ ಜೇಬಿನಲ್ಲಿತ್ತು.

ಬಾಗಿಲು ದಾಟುವಾಗ ಕನ್ನಡಿಯಲ್ಲಿ ನೋಡಿದಳು. ಅತ್ತೆ ಗರಿ ಹಿಡಿದ ಕೈಯನ್ನು ಗಾಡಿಯತ್ತ ಚಾಚಿ ದರ್ಸನನಿಗೆ ಏನೋ ಹೇಳುತ್ತಿದ್ದಳು. ಮಾತು ಕೇಳಿಸಲಿಲ್ಲ. ಎತ್ತಿದ ಗದ್ದ ಮಾತ್ರ ತಿರುವಿನವರೆಗೂ ಕಾಣುತ್ತಿತ್ತು.