ಕ್ಲಚ್ಚಿನ ಮೇಲೊಂದು ಕಾಲು

ಮೆಕ್ಯಾನಿಕ್ ಸುಟ್ಟ ಕ್ಲಚ್ ಪ್ಲೇಟನ್ನು ಹಳೇ ಬಟ್ಟೆಯಲ್ಲಿ ಹಿಡಿದು ತಂದು ಅವಳ ಮುಂದಿಟ್ಟ. ಅಂಚೆಲ್ಲ ನೀಲಿಗಟ್ಟಿತ್ತು. ಕಮಟು ವಾಸನೆ ಮೂಗಿಗೆ ಅಡರಿತು.

"ಬೇಜಾರು ಮಾಡ್ಕೋಬೇಡಿ ಮೇಡಂ. ಚಳಿಗಾಲದಲ್ಲಿ ಹೊಸದು ಹಾಕಿದ್ದು, ಬೇಸಿಗೆ ಬರೋದ್ರೊಳಗೆ ಬೂದಿ ಆಗಿದೆ. ಓಡಿಸೋವಾಗ ಯಾರೋ ಕ್ಲಚ್ ಮೇಲೆ ಕಾಲು ಇಟ್ಕೊಂಡೇ ಇರ್ತಾರೆ."

"ಯಾರೋ ಅಂದ್ರೆ? ಓಡಿಸೋಳು ನಾನೊಬ್ಬಳೇ."

ಅವನು ತಲೆ ಕೆರೆದುಕೊಂಡ. ಅವನಿಗೆ ಅರ್ಥವಾಗದೇ ಇದ್ದದ್ದೂ ಅದೇ. ಅವಳು ಡ್ರೈವಿಂಗ್ ಶಾಲೆಯ ಟೀಚರು. ಅವನ ಹೆಂಡತಿಗೆ ಕಾರು ಕಲಿಸಿದವಳೂ ಅವಳೇ. ಬೆನ್ನ ಹಿಂದೆ ಶಿಷ್ಯರೆಲ್ಲ 'ಬ್ರೇಕಕ್ಕ' ಅನ್ನುತ್ತಿದ್ದರು. ಪಕ್ಕದಲ್ಲಿ ಕೂತವರ ಕಾಲು ಯಾವ ಪೆಡಲಿನ ಮೇಲಿದೆ ಅನ್ನುವುದನ್ನು ಬಗ್ಗಿ ನೋಡದೆಯೇ ಹೇಳಬಲ್ಲವಳು. "ಇದು ಜೋರು ಓಡೋ ಗಾಡಿ ಮೇಡಂ, ಇಂಜಿನ್ನಿಗೆ ಆನೆ ಬಲ. ಕಾಲು ಸುಮ್ನೆ ತಾಗಿಸಿದ್ರೂ ಪ್ಲೇಟು ಜಾರುತ್ತೆ, ಸುಡುತ್ತೆ. ನಡು ಏರಲ್ಲಿ ಕೈ ಕೊಟ್ರೆ, ಹಿಂದೆ ಲಾರಿ ಗೀರಿ ಇದ್ರೆ..." ಅಂದವನು ನಾಲಿಗೆ ಕಚ್ಚಿಕೊಂಡ.

ಕಾರು ಅವಳ ತಮ್ಮನದು. ಹೋದ ವರ್ಷ ರಸ್ತೆ ಬದಿಯಲ್ಲಿ ಕೂತು ಟೈರು ಬದಲಿಸುತ್ತಿದ್ದಾಗ ಲಾರಿಯೊಂದು ಅವನನ್ನು ಒರಸಿಕೊಂಡು ಹೋಗಿತ್ತು. ಕಾರಿಗೆ ಒಂದು ಗೀರೂ ಬೀಳಲಿಲ್ಲ. ತಮ್ಮನ ಎಡಗಾಲು ಮೊಣಕಾಲಿನ ಮೇಲಿಂದಲೇ ಹೋಯಿತು. ಕಾರು ಮಾರೋಣವೆಂದರೆ ಅವನು ಸುತರಾಂ ಒಪ್ಪಲಿಲ್ಲ. "ನಿಲ್ಲಿಸಿಬಿಟ್ರೆ ತುಕ್ಕು ಹಿಡಿಯುತ್ತೆ ಅಕ್ಕಾ. ದಿನಾ ಒಂದು ಸುತ್ತು ಹೊಡ್ಕೊಂಡು ಬಾ" ಅಂದಿದ್ದ. ಇಲ್ಲದ ಆ ಕಾಲು ಅವನಿಗೆ ಹಗಲೆಲ್ಲ ಉರಿಯುತ್ತಿತ್ತು. ಕಾಲು ಹೋದದ್ದು ಮೈಗೆ ಗೊತ್ತಾಗಿದೆ, ಮಿದುಳಿಗೆ ಇನ್ನೂ ಗೊತ್ತಾಗಿಲ್ಲ, ನಿಧಾನವಾಗಿ ಮರೆಯುತ್ತೆ ಎಂದು ಡಾಕ್ಟರು ಸಮಾಧಾನ ಹೇಳಿದ್ದರು.

ಮಧ್ಯಾಹ್ನ ಅವನಿಗೆ ಊಟ ಬಡಿಸುತ್ತ ಅವಳು ನಗುತ್ತಲೇ ಬೈದಳು. "ನಿನ್ನ ಹಾಳು ಚಾಳಿ ಗಾಡಿಗೂ ಅಂಟ್ಕೊಂಡಿದೆ ನೋಡು. ಕ್ಲಚ್ ಮೇಲೆ ಕಾಲು ಹಾಕ್ಕೊಂಡೇ ಊರು ಸುತ್ತಾ ಇದ್ದೆ ನೀನು. ಎಷ್ಟು ಬಡ್ಕೊಂಡೆ, ಕೇಳಿದ್ಯಾ?"

ತಮ್ಮ ನಗಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತ. "ಒಂದು ಮಾತು ಹೇಳ್ತೀನಿ, ಬೈಬೇಡ. ನೀನು ಕಾರ್ ತಗೊಂಡು ಹೋದಾಗ ಉರಿ ನಿಲ್ಲುತ್ತೆ ಅಕ್ಕಾ. ಕಾಲು ಎಲ್ಲಿದೆ ಅಂತ ಆವಾಗ ಮಾತ್ರ ಗೊತ್ತಾಗುತ್ತೆ. ಅಂಗಾಲಿಗೆ ಪೆಡಲಿನ ರಬ್ಬರ್ ಗೆರೆ ಸಿಗುತ್ತೆ."

"ಏನೇನೋ ಬಡಬಡಿಸ್ಬೇಡ. ಊಟ ಮಾಡು."

"ಮೊನ್ನೆ ಸೇತುವೆ ಏರಲ್ಲಿ ಕೆಟ್ಟು ನಿಂತ ಬಸ್ಸಿನ ಹಿಂದೆ ನೀನು ಸುಮಾರು ಹೊತ್ತು ತೆವಳಿದೆ ಅಲ್ವಾ? ಅವತ್ತು ಅಂಗಾಲು ಬೆಚ್ಚಗಾಗಿತ್ತು."

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ಬಸ್ಸಿನ ವಿಷಯವನ್ನು ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಹೊಸ ಪ್ಲೇಟು ಹಾಕಿಸಿದ ಬೆಳಗ್ಗೆ ಅವಳು ನೇರ ಸೇತುವೆಗೆ ಹೋದಳು. ಮೂರನೇ ಗೇರಿಗೆ ಹಾಕಿ, ಎಡಗಾಲನ್ನು ಪೆಡಲಿನಿಂದ ತೆಗೆದು ಪಕ್ಕದಲ್ಲಿಟ್ಟು, ಏರು ಹತ್ತಿಸಿದಳು. ಅರ್ಧ ಏರಿರಬೇಕು, ಇಂಜಿನ್ನಿನ ಕೂಗು ಏರಿತು. ವೇಗ ಮಾತ್ರ ಏರಲಿಲ್ಲ. ಅವಳು ಬಗ್ಗಿ ನೋಡಿದಳು. ಕ್ಲಚ್ ಪೆಡಲು ಒಂದು ಬೆರಳಿನಷ್ಟು ಕೆಳಗಿಳಿದಿತ್ತು. ಇಳಿದದ್ದು ಸುಮ್ಮನೆ ನಿಂತಿರಲೂ ಇಲ್ಲ. ಹಾಡು ಗುನುಗುವವನು ಕಾಲು ಕುಣಿಸುವ ಹಾಗೆ ಅಷ್ಟಷ್ಟೇ ಆಡುತ್ತಿತ್ತು. ಅವಳ ಕತ್ತಿನ ಹಿಂದೆ ಬೆವರು ತಣ್ಣಗಾಯಿತು. ಬಾಯಿಗೆ ಬೇರೇನೂ ಬರಲಿಲ್ಲ. ಇಷ್ಟು ವರ್ಷ ಕಲಿಯುವವರಿಗೆಲ್ಲ ಗದರಿಕೊಂಡು ಬಂದ ಮಾತೇ ಬಂತು.

"ಕಾಲು ತೆಗಿ!"

ಪೆಡಲು ಟಕ್ಕೆಂದು ಮೇಲೆದ್ದಿತು. ಕಾರು ಹಗ್ಗ ಹರಿದ ಹೋರಿಯಂತೆ ಮುಂದಕ್ಕೆ ನುಗ್ಗಿತು.

ಮನೆಯ ಮೆಟ್ಟಿಲು ಹತ್ತುವಾಗಲೇ ನರಳಾಟ ಕೇಳಿಸಿತು. ತಮ್ಮ ಹಾಸಿಗೆಯಲ್ಲಿ ಮುದುಡಿ, ಕಾಲು ಇರಬೇಕಾಗಿದ್ದ ಕಡೆ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಮುಖ ಬಿಳಿಚಿಕೊಂಡಿತ್ತು. ಅವಳು ಪಕ್ಕದಲ್ಲಿ ಕೂತು ಹಣೆ ಒರೆಸಿದಳು. ಬಹಳ ಹೊತ್ತಿನ ಮೇಲೆ ಅವನು ಕಣ್ಣು ಬಿಟ್ಟು, ದಾರಿ ಕೇಳುವವನ ಹಾಗೆ ಮೆಲ್ಲಗೆ ಕೇಳಿದ:

"ಆಸ್ಪತ್ರೆಯಲ್ಲೂ ತೆಗೀರಿ ಅಂದಿದ್ದು ನೀನೇ ಅಲ್ವಾ, ಅಕ್ಕಾ?"

ಅವನಿಗೆ ಪ್ರಜ್ಞೆಯೇ ಇರಲಿಲ್ಲ ಅವತ್ತು. ಕಾಲು ಉಳಿಸಲು ಹೋದರೆ ಜೀವ ಉಳಿಯೋದಿಲ್ಲ ಅಂದಿದ್ದರು ಡಾಕ್ಟರು. ಆಗ ಹೇಳಬೇಕಾದ ಮಾತನ್ನು ಅವಳು ಹೇಳಿದ್ದಳು. ಅವನ ಕೈಯನ್ನು ಹೊದಿಕೆಯೊಳಗೆ ಸೇರಿಸಿ ಎದ್ದಳು, ಕಾರಿನ ಬೀಗದ ಕೈ ತೆಗೆದುಕೊಂಡಳು.

ಸೇತುವೆಯ ಏರಿನಲ್ಲಿ ಮತ್ತೆ ಮೂರನೇ ಗೇರು ಬಿತ್ತು. "ಇಡಪ್ಪಾ" ಅಂದಳು. ಏನೂ ಆಗಲಿಲ್ಲ. "ನಾನು ಬೈಯಲ್ಲ ಕಣೋ, ಇಡು." ಇಂಜಿನ್ನಿನ ಕೂಗು ಮೆಲ್ಲಗೆ ಏರತೊಡಗಿತು, ಕಾರು ಹೆಜ್ಜೆ ತಡವರಿಸಿತು. ಈ ಸಲ ಅವಳು ಬಗ್ಗಿ ನೋಡಲಿಲ್ಲ. ತನ್ನ ಎಡಗಾಲನ್ನು ಇನ್ನಷ್ಟು ಒತ್ತರಿಸಿ, ಅವನಿಗೆ ಜಾಗ ಬಿಟ್ಟು ಕೂತಳು.