ಹಲಗೆಯ ಚರ್ಮ ತೊಟ್ಟ ಬೇಸ್ ಗಿಟಾರ್

ಹೊಸಪೇಟೆಯಲ್ಲಿ ಹೋರಾಟದ ಹಾಡು ಹಾಡುವ ಒಂದು ತಂಡವಿತ್ತು... ಲಾರಿ ಓಡಿಸುವವರು, ಪೌರಕಾರ್ಮಿಕರು, ಕಾಲೇಜು ಹುಡುಗಿಯರು, ಎಲ್ಲರೂ ಅದರಲ್ಲಿದ್ದರು.

ಧರಣಿ ಎಲ್ಲೇ ನಡೆಯಲಿ, ಆ ತಂಡ ಅಲ್ಲಿರುತ್ತಿತ್ತು. ಎಲ್ಲರಿಗಿಂತ ಮುಂದೆ ಹುಲುಗಪ್ಪ... ಅವನ ಕೈಯಲ್ಲಿ ಹಲಗೆ, ತಮಟೆಯಂಥ ಚರ್ಮವಾದ್ಯ. ಆ ಏಟು ಬಿದ್ದರೆ ಬಂದೋಬಸ್ತಿನ ಪೊಲೀಸರ ಕಾಲೂ ತಾಳಕ್ಕೆ ಅಲುಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಹುಲುಗಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು.

ಹಲಗೆ ಗೋಡೆಗೇರಿತು... ಹಾಡಿಗೆ ಬೆನ್ನುಮೂಳೆಯೇ ಇಲ್ಲದಂತಾಯಿತು.

ಆಗಷ್ಟೇ ತಂಡ ಸೇರಿದ್ದವನು ಶ್ರೀವತ್ಸ. ಮೈಸೂರಿನವನು, ಖಾಸಗಿ ಶಾಲೆಯ ಸಂಗೀತ ಮೇಷ್ಟ್ರು. ಎಲೆಕ್ಟ್ರಿಕ್ ಬೇಸ್ ಗಿಟಾರ್ ನುಡಿಸುತ್ತಿದ್ದ.

ಹೆಸರು ಹೇಳಿದರೆ ಮೇಲ್ಜಾತಿ ಎಂದು ತಿಳಿಯುವಂಥ ಹೆಸರು. ಅದನ್ನು ಯಾರೂ ಎತ್ತಿ ಆಡಿರಲಿಲ್ಲ... ಸಮಾನತೆಯ ಹಾಡು ಹಾಡುವವರು ತಾನೇ?

ಆ ಹಲಗೆಯ ದನಿಯನ್ನು ತನ್ನ ಗಿಟಾರಿಗೆ ತರಬೇಕು ಎಂದು ಅವನಿಗೆ ಹುಚ್ಚು ಹತ್ತಿತು. ಹುಲುಗಪ್ಪನ ಮನೆಗೆ ಹೋಗಿ ಚರ್ಮ ಕೇಳಿದ. ಮುದುಕ ಕಣ್ಣಲ್ಲೇ ಹೂಂಗುಟ್ಟಿದ. ಹೆಂಡತಿ ಮಾರೆಮ್ಮ ಹಲಗೆ ಇಳಿಸಿ, ಚರ್ಮ ಬಿಚ್ಚಿ, ಸೆರಗಿನಲ್ಲಿ ಒರೆಸಿ ಕೊಟ್ಟಳು.

ಶ್ರೀವತ್ಸ ಗಿಟಾರಿನ ಒಡಲನ್ನು ಕೊರೆದ. ಚರ್ಮ ನೆನೆಸಿ, ಎಳೆದು, ಸುತ್ತ ಮೊಳೆ ಬಡಿದು ಬಿಸಿಲಿಗಿಟ್ಟ. ತಂತಿ ಹೊರುವ ಕುದುರೆಯನ್ನು ಚರ್ಮದ ಮೇಲೆಯೇ ನಿಲ್ಲಿಸಿದ. ಅಡಿಯಲ್ಲಿ ಕಂಪನ ಹಿಡಿಯುವ ಸಣ್ಣ ಮೈಕು ಕೂರಿಸಿದ.

ತಂತಿ ಮೀಟಿದರೆ... ನೆಲದೊಳಗಿಂದ ಯಾರೋ ಹಲಗೆ ಬಾರಿಸಿದಂತೆ.

ಚರ್ಮ ಸಡಿಲವಾದರೆ ಹಲಗೆಯವರಂತೆ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ. ಲಾರಿ ಡ್ರೈವರ್ ಯಮನೂರ ಛೇಡಿಸದೆ ಬಿಡುತ್ತಿರಲಿಲ್ಲ.

"ಕರೆಂಟಿನ ಸಾಮಾನು ಬೆಂಕಿಗೆ ಹಿಡೀತೀರಲ್ರೀ ಮೇಷ್ಟ್ರ... ಫ್ಯೂಜು ಹಾರಿದ್ರ ಊರೆಲ್ಲ ಕತ್ಲಾಗತೈತಿ ನೋಡ್ರಿ."

ಶ್ರೀವತ್ಸನೂ ನಗುತ್ತಿದ್ದ. ಅವನಿಗೆ ಬೇಕಿದ್ದದ್ದು ಒಂದೇ... ಹುಲುಗಪ್ಪ ಒಪ್ಪಬೇಕು.

ರಿಹರ್ಸಲ್ ದಿನ ಮುದುಕನನ್ನು ಆಟೋದಲ್ಲಿ ಕರೆತಂದು ಎದುರಿಗೇ ಕೂರಿಸಿದರು. ಹಾಡು ಮುಗಿಯಿತು. ಶ್ರೀವತ್ಸ ಅವನ ಹತ್ತಿರ ಬಾಗಿ, ಹೇಗಿತ್ತು ತಾತ ಎಂದು ಕೇಳಿದ.

ಹುಲುಗಪ್ಪನ ಎಡಗೈ ಗಾಳಿಯಲ್ಲಿ ಮೆಲ್ಲಗೆ ತಟ್ಟಿತು. ನಾಲಿಗೆ ತಡವರಿಸಿತು.

"ಬೇಸ್... ಬೇಸಾತು."

ಬೇಸ್ ಜಾಸ್ತಿಯಾಯಿತು ಎಂದು ಶ್ರೀವತ್ಸ ತಿಳಿದ. ಸೌಂಡ್ ಸಿಸ್ಟಮ್ಮಿನವರು ಹಾಗೆ ಗಾಳಿಯಲ್ಲಿ ಕೈಯಾಡಿಸಿದರೆ ದನಿ ಇಳಿಸು ಎಂದೇ ಅರ್ಥ.

ಮುಂದಿನ ಸಲ ಇಳಿಸಿದ. ಮತ್ತೆ ಅದೇ ಮಾತು... ಇನ್ನೂ ಇಳಿಸಿದ.

ಕೊನೆಗೊಮ್ಮೆ ಹುಲುಗಪ್ಪ ಏನೂ ಹೇಳಲಿಲ್ಲ. ಸುಮ್ಮನೆ ಅವನ ಮುಖವನ್ನೇ ನೋಡುತ್ತಾ ಕುಳಿತ.

ಶ್ರೀವತ್ಸನಿಗೆ ಆ ನೋಟ ತಡೆಯಲಾಗಲಿಲ್ಲ. ಇಷ್ಟು ದೊಡ್ಡ ಕಲಾವಿದನ ಹಲಗೆಯನ್ನು ತಾನು ಕೆಡಿಸಿದೆ ಎಂದುಕೊಂಡ. ಮನೆಗೆ ಬಂದವನೇ ಮೊಳೆ ಕಿತ್ತು ಚರ್ಮ ಬಿಚ್ಚಿದ.

ಹೊಸ ಬಟ್ಟೆಯಲ್ಲಿ ಸುತ್ತಿ, ಮಾರೆಮ್ಮನ ಕೈಗೆ ಒಪ್ಪಿಸಿ ನಮಸ್ಕಾರ ಮಾಡಿದ.

"ಇದು ನಮ್ಮಂಥೋರಿಗಲ್ಲಮ್ಮ... ನಿಮ್ಮ ಹತ್ರಾನೇ ಇರ್ಲಿ."

ತನಗೆ ಅಷ್ಟು ಯೋಗ್ಯತೆಯಿಲ್ಲ ಎಂಬ ಅರ್ಥದಲ್ಲಿ ಹೇಳಿದ್ದ ಅವನು.

ಮಾರೆಮ್ಮ ಯಾಕೆಂದು ಕೇಳದೆ ಗಂಟು ಹಿಡಿದು ಒಳಗೆ ಹೋದಳು. ಬರಿಯ ಗಿಟಾರ್ ನೋಡಿದ ತಂಡದವರೂ ಏನೂ ಕೇಳಲಿಲ್ಲ. ಯಮನೂರ ಕೂಡ ತಮಾಷೆ ಮಾಡಲಿಲ್ಲ.

ಹುಲುಗಪ್ಪ ರಿಹರ್ಸಲ್ಲಿಗೆ ಬರುವುದನ್ನು ನಿಲ್ಲಿಸಿದ. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡ ಶ್ರೀವತ್ಸ... ಹೋಗಿ ನೋಡಲು ಮುಖವಿರಲಿಲ್ಲ.

ಮಳೆಗಾಲದ ಕೊನೆಗೆ ಹುಲುಗಪ್ಪ ತೀರಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ಶ್ರೀವತ್ಸ ಮಾರೆಮ್ಮನ ಎದುರು ಕುಳಿತ. ತಾತನಿಗೆ ನನ್ನ ಮೇಲೆ ಅಷ್ಟು ಸಿಟ್ಟಿತ್ತಾ ಎಂದು ಕೇಳಿದ.

"ಸಿಟ್ಟ್ಯಾಕ ಯಪ್ಪಾ... ಮನೀಗೆ ಬಂದಾಗೆಲ್ಲ, ಆ ಹುಡುಗ ಬೇಸ್ ಬಾರಿಸ್ತಾನ, ಬೇಸ್ ಬಾರಿಸ್ತಾನ ಅಂತಿದ್ದ."

"ಬೇಸ್ ಅಂದ್ರೆ...?"

"ಬೇಸ್ ಅಂದ್ರ ಬೇಸ್. ಛಲೋ. ಚೆಂದ."

ಬೇಸಾತು... ಅಂದರೆ ಚೆನ್ನಾಯಿತು ಎಂದು ಶ್ರೀವತ್ಸ ತನಗೆ ತಾನೇ ಹೇಳಿಕೊಂಡ.

ಆ ಸೀಮೆಯ ಕೂಸುಗಳಿಗೂ ಗೊತ್ತಿರುವ ಮಾತು. ತಿಂಗಳುಗಟ್ಟಲೆ ಅವರ ನಡುವೆಯೇ ಹಾಡುತ್ತಿದ್ದವನ ಕಿವಿಗೆ ಮಾತ್ರ ತನ್ನ ವಾದ್ಯದ ಹೆಸರೇ ಕೇಳಿಸಿತ್ತು.

ಬೇಸಾತು ಅಂದಷ್ಟೂ ಹುಡುಗ ಸಣ್ಣಗೆ ಬಾರಿಸುತ್ತಾನೆ, ನನ್ನ ಮೆಚ್ಚುಗೆ ಅವನಿಗೆ ಬೇಡವೇನೋ ಎಂದು ಮುದುಕ ಕೊರಗುತ್ತಿದ್ದನಂತೆ. ಚರ್ಮ ಮರಳಿ ಬಂದ ದಿನ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತವನು ಊಟಕ್ಕೇ ಏಳಲಿಲ್ಲವಂತೆ.

"ನಮ್ಮ ಕೈಯಾಗಿಂದು ಇಟ್ಕೋಬ್ಯಾಡ ಅಂತ ಅವರ ಮಂದಿ ಅಂದಿರಬೇಕು, ಬಿಡು ಅಂದ... ಆಮ್ಯಾಲೆ ನಿಮ್ಮ ಹಾಡಿನ ಕಡೀಗೆ ಹೋಗಲೇ ಇಲ್ಲ."

ಶ್ರೀವತ್ಸ ಎಲ್ಲವನ್ನೂ ಹೇಳಿದ. ಕೇಳಿಸಿಕೊಂಡದ್ದು, ತಪ್ಪು ತಿಳಿದದ್ದು, ಹೆದರಿದ್ದು... ಹೇಳುತ್ತಾ ಹೇಳುತ್ತಾ ಬಿಕ್ಕಿ ಬಿಕ್ಕಿ ಅತ್ತ.

ಮಾರೆಮ್ಮ ಅವನನ್ನು ಅಳಲು ಬಿಟ್ಟಳು. ಸಮಾಧಾನ ಮಾಡಲಿಲ್ಲ.

"ಇದನ್ನ ಆತಗ ಹೇಳಬೇಕಿತ್ತಪ್ಪ... ನನಗ ಹೇಳಿದ್ರ ಏನು ಬಂತು?"

ಮತ್ತೆ ಅವಳೇ ಅಂದಳು.

"ನಾವೂ ಕೇಳ್ಲಿಲ್ಲ ಬಿಡು. ನಾವು ಮುಟ್ಟಿದ್ದು ಅಂತ ಬ್ಯಾಡಾತೇನು ಅಂತ ಕೇಳಿದ್ರ... ನೀವು ಹೌದು ಅಂದುಬಿಟ್ರ ಹೆಂಗ ಅಂತ ಹೆದರಿಕಿ."

ಎಷ್ಟು ತಲೆಮಾರು ಆ 'ಹೌದು' ಕೇಳಿ ಕೇಳಿ ಇಂಥ ಹೆದರಿಕೆ ಹುಟ್ಟಿರಬೇಕು... ಅದನ್ನು ಅಳಿಸಲು ಒಂದು ನಮಸ್ಕಾರ ಸಾಕಾಗುತ್ತದೆಯೇ?

ಒಟ್ಟಿಗೆ ಹಾಡಿದರೆ ಸಾಲದು... ಒಬ್ಬರನ್ನೊಬ್ಬರು ಕೇಳಬೇಕು.

ನಿಮ್ಮ ಪಕ್ಕದಲ್ಲೇ ನಿಂತವರ ಮೌನಕ್ಕೆ ನೀವೇ ಒಂದು ಅರ್ಥ ಕೊಟ್ಟುಕೊಂಡು ಎಷ್ಟು ಕಾಲವಾಯಿತು?